ನಾಳೆಗೆ ಸಂಕಲ್ಪವಿಲ್ಲ



ಆಷಾಢ ಶುದ್ಧ ಏಕಾದಶಿಯಂದು ತಪ್ತಮುದ್ರಾಧಾರಣೆಯೊಡನೆ ಚಾತುರ್ಮಾಸ್ಯದ ಪುಣ್ಯಕಾಲವು ಆರಂಭವಾಗುತ್ತದೆ. ಕಾರ್ತಿಕ ಶುದ್ಧದ ಉತ್ಥಾನದ್ವಾದಶಿಯವರೆಗೆ ನಾಲ್ಕು ತಿಂಗಳು. ತಿಂಗಳಿಗೊಂದರಂತೆ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳು. ತೋಡಾರು, ಮಿಜಾರು, ಮೂಡುಬಿದಿರೆಗಳ ಸುತ್ತಲಿನ ನಮ್ಮ ಮನೆಗಳಲ್ಲಿ ಆ ವೇಳೆಗೆ ಮಳೆ ಬಲವಾಗಿ ಹಿಡಿದಿರುತ್ತದೆ. ಗದ್ದೆಯಲ್ಲಿ ನೇಜಿ, ತೋಟದಲ್ಲಿ ಕೊಳೆರೋಗದ ಚಿಂತೆ, ಮನೆಯೊಳಗೆ ಪಂಚಾಂಗವನ್ನು ಮುಂದಿಟ್ಟುಕೊಂಡು ಹಬ್ಬಹರಿದಿನಗಳನ್ನು ಎಣಿಸುವ ಹಿರಿಯರು. ಆ ಎಣಿಕೆಯ ನಡುವೆ ಒಂದು ಮಾತು ಬಹಳ ಮನೆಗಳಲ್ಲಿ ಕೇಳಿಬರುತ್ತದೆ: "ಈ ವರ್ಷ ಅನುಕೂಲವಾಗಲಿಲ್ಲ, ಬರುವ ವರ್ಷದಿಂದ ವ್ರತ ಹಿಡಿಯೋಣ."

ಈ ಮಾತು ವ್ರತಕ್ಕೆ ಮಾತ್ರ ಮೀಸಲಾದುದಲ್ಲ. ಉಪನಯನವಾದ ಹುಡುಗನು ಪರೀಕ್ಷೆ ಮುಗಿದ ಮೇಲೆ ಸಂಧ್ಯಾವಂದನೆಯನ್ನು ಸರಿಯಾಗಿ ಕಲಿಯುವೆನೆನ್ನುತ್ತಾನೆ. ಉದ್ಯೋಗಸ್ಥನು ನಿವೃತ್ತಿಯ ಅನಂತರ ಸುಮಧ್ವವಿಜಯವನ್ನು ಪಾರಾಯಣ ಮಾಡುವೆನೆನ್ನುತ್ತಾನೆ. ನಿವೃತ್ತನಾದವನು ಕಣ್ಣಿನ ಚಿಕಿತ್ಸೆಯಾಗಲಿ ಎನ್ನುತ್ತಾನೆ. ಒಬ್ಬನ ಜೀವನದಲ್ಲಿಯೇ ಈ ಮೂರೂ ಮಾತುಗಳು ಒಂದರ ಹಿಂದೊಂದು ಬಂದುಹೋಗುವುದುಂಟು. ಆದುದರಿಂದ ವ್ರತಕಾಲದ ಹೊಸ್ತಿಲಲ್ಲಿ, ಮಾಡಬೇಕಾದುದನ್ನು ಮುಂದೂಡುವ ಈ ದೋಷವನ್ನು ಕುರಿತು ಕೊಂಚ ವಿಚಾರ ಮಾಡೋಣ.

ನಾವು ಮಾಡುವ ಯಾವುದೇ ವೈದಿಕ ಕರ್ಮಕ್ಕೆ ಮೊದಲ ಅಂಗ ಸಂಕಲ್ಪ. ಸಂಕಲ್ಪದಲ್ಲಿ ನಾವು ಏನನ್ನು ಹೇಳುತ್ತೇವೆ? ಕಲ್ಪವನ್ನು ಹೇಳುತ್ತೇವೆ, ಮನ್ವಂತರವನ್ನು ಹೇಳುತ್ತೇವೆ, ಯುಗವನ್ನು ಹೇಳುತ್ತೇವೆ. ಅಲ್ಲಿಂದ ಇಳಿದು ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳನ್ನು ಹೇಳುತ್ತೇವೆ. ದೇಶವನ್ನೂ ಹಾಗೆಯೇ ದ್ವೀಪ, ವರ್ಷ, ಖಂಡಗಳಿಂದ ಹಿಡಿದು ನಾವು ಕುಳಿತ ಸ್ಥಳದವರೆಗೆ ಇಳಿಸುತ್ತೇವೆ. ಬ್ರಹ್ಮದೇವರ ಆಯುಷ್ಯದಷ್ಟು ವಿಶಾಲವಾದ ಕಾಲವು ಕೊನೆಗೆ ಬಂದು ನಿಲ್ಲುವುದು ಎಲ್ಲಿ? ಈ ದಿನದಲ್ಲಿ, ನಮ್ಮ ಕೈಯ ಉದ್ಧರಣೆಯ ನೀರು ಅರ್ಘ್ಯಪಾತ್ರೆಗೆ ಬೀಳುವ ಈ ಕ್ಷಣದಲ್ಲಿ. ಆರು ತಿಂಗಳ ವ್ರತವಾಗಲಿ, ನಾಲ್ಕು ತಿಂಗಳ ವ್ರತವಾಗಲಿ, ಅದರ ಸಂಕಲ್ಪದಲ್ಲಿ ಉಚ್ಚರಿಸುವುದು ಇಂದಿನ ತಿಥಿಯನ್ನೇ. ನಾಳೆಯ ತಿಥಿಯನ್ನು ಉಚ್ಚರಿಸಿ ಇಂದು ನೀರು ಬಿಡುವ ಪದ್ಧತಿಯನ್ನು ಯಾವ ಹಿರಿಯರೂ ನಮಗೆ ಕಲಿಸಿಲ್ಲ. ನಾಳೆಗೆ ಆಸೆಯಿರಬಹುದು, ಯೋಜನೆಯಿರಬಹುದು, ಸಂಕಲ್ಪವಿಲ್ಲ.

ಇದರಲ್ಲಿ ಗಂಭೀರವಾದ ತತ್ತ್ವವಿದೆ. ಕರ್ಮವೊಂದರ ಸಮಾಪ್ತಿ ನಮ್ಮ ಕೈಯಲ್ಲಿಲ್ಲ, ಫಲವಂತೂ ಇಲ್ಲವೇ ಇಲ್ಲ. ಸಮಾಪ್ತಿಯಲ್ಲಿ ಕೃಷ್ಣಾರ್ಪಣವೆಂದು ನೀರು ಬಿಟ್ಟು ಅದನ್ನು ಒಡೆಯನಿಗೇ ಒಪ್ಪಿಸುತ್ತೇವೆ. ಆರಂಭವೂ ಅವನ ಪ್ರೇರಣೆಯಿಂದಲೇ ಆಗುವುದಾದರೂ, ನಮ್ಮ ಪಾಲಿಗೆಂದು ಅವನು ಕೊಟ್ಟ ಪ್ರಯತ್ನವು ಅಲ್ಲಿಯೇ ತೊಡಗಬೇಕಾಗಿದೆ. ಆ ಪಾಲನ್ನು ನಾವು ನಾಳೆಗೆ ತಳ್ಳಿದರೆ ಅರ್ಪಿಸಲು ಏನು ಉಳಿಯಿತು?

ಗೀತೆಯ 18ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ತಾಮಸಕರ್ತೃವಿನ ಲಕ್ಷಣಗಳನ್ನು ಎಣಿಸುತ್ತಾನೆ. ಸೋಮಾರಿತನವೂ ವಿಷಾದವೂ ಆ ಪಟ್ಟಿಯಲ್ಲಿವೆ. ಕಟ್ಟಕಡೆಗೆ ಬರುವುದು ದೀರ್ಘಸೂತ್ರಿ ಎಂಬ ಶಬ್ದ. ಲೋಕರೂಢಿಯಲ್ಲಿ ಇದಕ್ಕೆ, ಇಂದು ಆಗಬೇಕಾದುದನ್ನು ಎಳೆದೆಳೆದು ಬೆಳೆಸುವವನೆಂದು ಅರ್ಥ. ಶ್ರೀಮದಾಚಾರ್ಯರು ಗೀತಾಭಾಷ್ಯದಲ್ಲಿ ಬೇರೊಂದು ಅರ್ಥವನ್ನು ತೋರಿಸಿಕೊಟ್ಟಿದ್ದಾರೆ: ಇತರರು ಬಹುಕಾಲದ ಹಿಂದೆ ಮಾಡಿದ ದೋಷವನ್ನು ಈಗಲೂ ಎತ್ತಿ ಸೂಚಿಸುವವನೇ ದೀರ್ಘಸೂತ್ರಿ. ಮೇಲುನೋಟಕ್ಕೆ ಈ ಎರಡು ಅರ್ಥಗಳಿಗೆ ಸಂಬಂಧವಿಲ್ಲವೆಂದು ತೋರುತ್ತದೆ. ಆದರೆ ನಮ್ಮ ಮನೆಗಳನ್ನೇ ನೋಡಿದರೆ ಅವೆರಡೂ ಒಂದೇ ಸೂರಿನಡಿ ವಾಸಿಸುವುದು ಕಾಣುತ್ತದೆ. ಆಸ್ತಿಯ ಪಾಲಿನ ವೇಳೆ ಆಡಿದ ಒಂದು ಮಾತಿಗಾಗಿ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟಿರುತ್ತಾರೆ. ಒಬ್ಬನು ಊರಿನಲ್ಲಿ, ಇನ್ನೊಬ್ಬನು ಮುಂಬಯಿಯಲ್ಲಿಯೋ ಬೆಂಗಳೂರಿನಲ್ಲಿಯೋ. ಇಬ್ಬರಿಗೂ ಒಳಗೊಳಗೆ ಬೇಸರವುಂಟು. ಬರುವ ಅನಂತನ ವ್ರತಕ್ಕೆ ಮಾತನಾಡಿಸೋಣ, ದೀಪಾವಳಿಗೆ ಮನೆಗೆ ಕರೆಯೋಣ ಎಂದುಕೊಳ್ಳುತ್ತಾರೆ. ಹಳೆಯ ದೋಷವನ್ನು ಮನಸ್ಸಿನಲ್ಲಿ ಇಂದಿನದಾಗಿ ಉಳಿಸಿಕೊಂಡುದರಿಂದಲೇ ಇಂದು ಆಡಬೇಕಾದ ಒಳ್ಳೆಯ ಮಾತು ನಾಳೆಗೆ ಹೋಗುತ್ತದೆ. ಕೊನೆಗೆ ಒಬ್ಬನ ಹದಿಮೂರನೆಯ ದಿನದ ಊಟದ ಪಂಕ್ತಿಯಲ್ಲಿ ಇನ್ನೊಬ್ಬನು ತಲೆತಗ್ಗಿಸಿ ಕುಳಿತಿರುತ್ತಾನೆ. ಅಂದು ಅವನು ಸುರಿಸುವ ಕಣ್ಣೀರು ಸತ್ಯವಾದುದೇ. ಆದರೆ ಅದನ್ನು ಕಾಣಬೇಕಾದವನು ಅಲ್ಲಿಲ್ಲ.

ಹಾಗಾದರೆ ಎಲ್ಲ ವಿಳಂಬವೂ ದೋಷವೇ? ಅಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮಾಚಾರ್ಯರು ಧರ್ಮರಾಜನಿಗೆ ಚಿರಕಾರಿಯ ಕಥೆಯನ್ನು ಹೇಳುತ್ತಾರೆ. ಗೌತಮನು ಕೋಪದ ಭರದಲ್ಲಿ ತನ್ನ ಮಗನಿಗೆ, ತಾಯಿಯನ್ನು ವಧಿಸೆಂದು ಆಜ್ಞೆಯಿತ್ತು ಕಾಡಿಗೆ ಹೋದನು. ಮಗನು ಎಲ್ಲವನ್ನೂ ನಿಧಾನವಾಗಿ ಆಲೋಚಿಸುವ ಸ್ವಭಾವದವನು. ತಂದೆಯ ಆಜ್ಞೆ ಒಂದೆಡೆ, ತಾಯಿಯ ರಕ್ಷಣೆ ಇನ್ನೊಂದೆಡೆ. ಅವನು ಬಹುಕಾಲ ಯೋಚಿಸುತ್ತಲೇ ನಿಂತನು. ಅತ್ತ ತಂದೆಯ ಕೋಪವಿಳಿದು ಪಶ್ಚಾತ್ತಾಪ ಉಂಟಾಯಿತು. ಮಗನು ಎಂದಿನಂತೆ ತಡಮಾಡಿರಲಿ ಎಂದು ಹಂಬಲಿಸುತ್ತ ಓಡಿಬಂದು, ಹೆಂಡತಿ ಜೀವಂತವಾಗಿರುವುದನ್ನು ಕಂಡು ಮಗನನ್ನು ಅಪ್ಪಿಕೊಂಡನು. ಕೋಪ, ದರ್ಪ, ದ್ರೋಹ, ಪಾಪಕರ್ಮ ಇಂತಹವುಗಳಲ್ಲಿ ತಡಮಾಡುವವನೇ ಶ್ಲಾಘ್ಯನೆಂಬುದು ಆ ಪ್ರಸಂಗದ ಉಪದೇಶ.

ನಮ್ಮ ನಡತೆಯೋ ಇದಕ್ಕೆ ತಲೆಕೆಳಗು. ಕೋಪದ ಉತ್ತರಕ್ಕೆ ನಮಗೆ ಒಂದು ನಿಮಿಷವೂ ಬೇಡ; ಕೈಯಲ್ಲಿರುವ ಮೊಬೈಲಿನಿಂದ ಆ ಕ್ಷಣದಲ್ಲಿಯೇ ಅದನ್ನು ಕಳುಹಿಸಿಬಿಡುತ್ತೇವೆ. ಕ್ಷಮೆಯ ಮಾತಿಗೆ, ದಾನಕ್ಕೆ, ಅಧ್ಯಯನಕ್ಕೆ ಮಾತ್ರ ಒಳ್ಳೆಯ ದಿನ ಬರಬೇಕು! ತಡಮಾಡಲು ನಮಗೆ ಬಾರದೆ ಇಲ್ಲ. ಎಲ್ಲಿ ತಡಮಾಡಬೇಕೆಂಬ ವಿವೇಕ ಬೇಕಾಗಿದೆ.

ಇಲ್ಲಿ ಕೆಲವರು ಸಿದ್ಧಾಂತವನ್ನೇ ಅಡ್ಡ ಹಿಡಿಯುವುದುಂಟು. "ಜೀವನು ಪರತಂತ್ರ, ಶ್ರೀಹರಿ ಮಾಡಿಸಿದಾಗ ಮಾಡುವೆವು, ಅವನ ಪ್ರೇರಣೆ ಇನ್ನೂ ಆಗಿಲ್ಲ" ಎಂಬುದು ಅವರ ಸಮಾಧಾನ. ಇದು ಶ್ರೀಮದಾಚಾರ್ಯರ ಸಿದ್ಧಾಂತವಲ್ಲ. ಸಿದ್ಧಾಂತದ ಹೊದಿಕೆಯನ್ನು ಹೊದ್ದ ಆಲಸ್ಯ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನು ಕರ್ತೃವೇ ಹೌದೆಂದು ನಿರ್ಣಯವಾಗಿದೆ. ಅವನು ಕರ್ತೃವಲ್ಲದಿದ್ದರೆ, ಇದನ್ನು ಮಾಡು, ಇದನ್ನು ಬಿಡು ಎನ್ನುವ ಶಾಸ್ತ್ರವೇ ವ್ಯರ್ಥವಾಗುತ್ತಿತ್ತು. ಆ ಕರ್ತೃತ್ವವು ಪರಮಾತ್ಮನ ಅಧೀನವಾದುದೆಂಬುದೂ ಅದೇ ಪಾದದಲ್ಲಿ ಸಿದ್ಧವಾಗಿದೆ. ಅಧೀನವೆಂದರೆ ಇಲ್ಲವೆಂದು ಅರ್ಥವಲ್ಲ. ಗೇಣಿಗೆ ಕೊಟ್ಟ ಗದ್ದೆಯಲ್ಲಿ ನೆಲ ಧಣಿಯದು, ನೀರೂ ಅವನದು. ಉಳುವ ಕೆಲಸ ಒಕ್ಕಲಿನದು. ಧಣಿ ಇಚ್ಛಿಸಿದರೆ ನೇಗಿಲು ತಾನಾಗಿ ಚಲಿಸೀತೆಂದು ಒಕ್ಕಲು ಜಗಲಿಯಲ್ಲಿ ಕುಳಿತರೆ ಅದನ್ನು ಭಕ್ತಿಯೆನ್ನುವವರಿಲ್ಲ. ಅಲ್ಲದೆ, ಹೀಗೆ ಹೇಳುವವರು ಊಟದ ವೇಳೆಗೆ ಪ್ರೇರಣೆಯನ್ನು ಕಾಯುವುದಿಲ್ಲ ಎಂಬುದನ್ನೂ ನಾವು ಬಲ್ಲೆವು. ಮಾಡಬೇಕೆಂಬ ಅರಿವು ಮನಸ್ಸಿನಲ್ಲಿ ಮೂಡಿದುದೇ ಶ್ರೀಹರಿಯ ಪ್ರೇರಣೆ. ಅದು ಬಂದಾಗಿದೆ. ಇನ್ನು ಉಳಿದಿರುವುದು ಅದನ್ನು ಆದರಿಸುವ ಕಾರ್ಯ.

ಶ್ರೀಹರಿಯ ಆಜ್ಞೆಯನ್ನು ಒಂದು ಕ್ಷಣವೂ ತಡಮಾಡದೆ ನಡೆಸುವುದು ಹೇಗೆಂಬುದಕ್ಕೆ ನಮ್ಮ ದೇಹದೊಳಗೇ ಆದರ್ಶವಿದೆ. ಮುಖ್ಯಪ್ರಾಣದೇವರು ಜೀವರ ದೇಹದಲ್ಲಿದ್ದು ಒಂದು ಅಹೋರಾತ್ರಿಯಲ್ಲಿ 21,600 ಬಾರಿ ಶ್ವಾಸರೂಪದ ಹಂಸಮಂತ್ರಜಪವನ್ನು ನಡೆಸುತ್ತಾರೆಂದು ನಮ್ಮ ಸಂಪ್ರದಾಯ ಹೇಳುತ್ತದೆ. 60 ಘಳಿಗೆಗಳ ದಿನದಲ್ಲಿ ಘಳಿಗೆಗೆ 360 ಉಸಿರು. ನಾವು ಎಚ್ಚರಿರಲಿ, ನಿದ್ರಿಸುತ್ತಿರಲಿ, ದೇವರನ್ನು ಮರೆತೇ ಇರಲಿ, ಆ ಸೇವೆ ನಿಲ್ಲುವುದಿಲ್ಲ. ಈ ಹೊತ್ತಿನ ಉಸಿರನ್ನು ಮುಂದಿನ ಹೊತ್ತಿಗೆ ಇಟ್ಟುಕೊಳ್ಳೋಣವೆಂದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ನಾಳೆ ಮಾಡೋಣವೆಂಬ ಮಾತನ್ನು ಆಡುವುದಕ್ಕೂ ಇಂದಿನ ಉಸಿರೇ ಬೇಕು.

ಆ ಪ್ರಾಣದೇವರ ಅವತಾರಗಳಲ್ಲಿಯೂ ಇದೇ ಗುಣವನ್ನು ಕಾಣುತ್ತೇವೆ. ಲಂಕೆಗೆ ಹಾರುವ ಹನುಮಂತನನ್ನು ನಡುಗಡಲಿನಲ್ಲಿ ಮೈನಾಕಪರ್ವತವು ವಿಶ್ರಮಿಸೆಂದು ಪ್ರೀತಿಯಿಂದ ಕರೆಯಿತು. ಅದು ಶತ್ರುವಲ್ಲ, ಸ್ನೇಹಿತನೇ. ಹನುಮಂತನು ಅದನ್ನು ಕೈಯಿಂದ ಸ್ಪರ್ಶಿಸಿ ಗೌರವಿಸಿದನು. ಆದರೆ ಕಾರ್ಯದ ಕಾಲ ಕಳೆಯುತ್ತಿದೆ, ನಡುವೆ ನಿಲ್ಲಬಾರದು ಎಂದು ಮುಂದೆ ಸಾಗಿದನು. ನಮ್ಮ ಕಾರ್ಯಗಳನ್ನು ಕೆಡಿಸುವುದು ಯಾವಾಗಲೂ ದುಷ್ಟವಾದುದೇ ಆಗಿರಬೇಕಾಗಿಲ್ಲ. ಹಿತವಾದ ವಿಶ್ರಾಂತಿಯೂ ಆ ಕೆಲಸ ಮಾಡಬಲ್ಲುದು.

ಭೀಮಸೇನದೇವರ ವಿಷಯದಲ್ಲಿ ಹಿರಿಯರು ಹೇಳುತ್ತ ಬಂದ ಕಥೆಯನ್ನು ಎಲ್ಲರೂ ಬಲ್ಲರು. ಯಾಚಕನೊಬ್ಬನಿಗೆ ಧರ್ಮರಾಜನು ನಾಳೆ ಬರಲು ಹೇಳಿದನಂತೆ. ಕೂಡಲೇ ಭೀಮಸೇನನು ವಿಜಯಭೇರಿಯನ್ನು ಹೊಡೆಯತೊಡಗಿದನು. ಯಾವ ವಿಜಯವೆಂದು ಕೇಳಲು, "ನಮ್ಮಣ್ಣ ಕಾಲವನ್ನೇ ಜಯಿಸಿದ್ದಾನೆ. ನಾಳೆಯವರೆಗೆ ತಾನೂ ಇರುವೆನು, ಬೇಡುವವನೂ ಇರುವನು, ಕೊಡುವ ಮನಸ್ಸೂ ಇರುವುದು ಎಂಬುದು ಅವನಿಗೆ ನಿಶ್ಚಯವಾಗಿದೆ" ಎಂದನು. ಧರ್ಮರಾಜನು ಒಡನೆ ಯಾಚಕನನ್ನು ಕರೆಸಿ ದಾನವನ್ನಿತ್ತನು. ಈ ಮೂರರಲ್ಲಿ ಮೂರನೆಯದನ್ನು ವಿಶೇಷವಾಗಿ ಗಮನಿಸಬೇಕು. ಆಯುಷ್ಯ ಇರಬಹುದು, ಅವಕಾಶವೂ ಇರಬಹುದು; ಆದರೆ ಇಂದು ಇದ್ದ ಮನಸ್ಸು ನಾಳೆ ಇರುವುದೆಂಬುದಕ್ಕೆ ಹೊಣೆಯಾರು?

ನಾಳೆ ಬಾ ಎಂಬ ಮಾತು ನಮ್ಮ ನಾಡಿನಲ್ಲಿ ಬಾಗಿಲ ಮೇಲೆ ಬರೆಯುವವರೆಗೂ ಹೋಗಿತ್ತು. 1990ರ ದಶಕದಲ್ಲಿ ಕರ್ನಾಟಕದ ಹಲವೆಡೆ, ರಾತ್ರಿ ಬಂದು ಕರೆಯುವ ದೆವ್ವವನ್ನು ಹಿಂದಿರುಗಿಸಲು ಜನರು ಈ ಎರಡು ಶಬ್ದಗಳನ್ನು ಬಾಗಿಲಲ್ಲಿ ಬರೆದುದು ಅನೇಕರಿಗೆ ನೆನಪಿರಬಹುದು. ದೆವ್ವಕ್ಕೆ ಹೇಳಿದರೆ ಹೋಗಲಿ. ನಾವು ಅದೇ ಮಾತನ್ನು ದೇವರಿಗೆ ಹೇಳುತ್ತಿದ್ದೇವೆಯಲ್ಲ! ಶ್ರೀನಿವಾಸ ನಾಯಕನು ಮಾಡಿದುದು ಇದನ್ನೇ. ಮಗನ ಉಪನಯನಕ್ಕೆಂದು ಧನವನ್ನು ಬೇಡಿ ಬಂದ ಬಡಬ್ರಾಹ್ಮಣನಿಗೆ ಆ ಶ್ರೀಮಂತ ವ್ಯಾಪಾರಿಯು ಇಂದು ನಾಳೆ ಎನ್ನುತ್ತ ಆರು ತಿಂಗಳು ಕಳೆದನೆಂದು ದಾಸರ ಚರಿತ್ರೆಯಲ್ಲಿ ಹೇಳುವುದುಂಟು. ಬಂದವನು ಸಾಕ್ಷಾತ್ ವಿಠಲನೆಂಬುದು ಅವನಿಗೆ ತಿಳಿದಿರಲಿಲ್ಲ. ಅವನ ಹೆಂಡತಿಯಾದರೋ ನಾಳೆಯೆನ್ನಲಿಲ್ಲ. ಯಾಚಕನು ಮನೆಬಾಗಿಲಿಗೆ ಬಂದು ಕೇಳಿದ ಕ್ಷಣದಲ್ಲಿ, ತವರಿನವರು ಕೊಟ್ಟಿದ್ದ ಮೂಗುತಿಯನ್ನು ಬಿಚ್ಚಿ ಕೊಟ್ಟಳು. ಆ ಮೂಗುತಿಯ ನಿಮಿತ್ತದಿಂದ ನಾಯಕನ ಕಣ್ಣು ತೆರೆಯಿತು.

ಈ ಚರಿತ್ರೆಯಲ್ಲಿ ನಾವು ಸಾಮಾನ್ಯವಾಗಿ ಜಿಪುಣತನವನ್ನು ಮಾತ್ರ ಕಾಣುತ್ತೇವೆ. ಕಾಲದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಅಲ್ಪ ಹಣ ಕೊಡಲು ಆರು ತಿಂಗಳು ತಡೆದವನು, ಸರ್ವಸ್ವವನ್ನೂ ತ್ಯಜಿಸಲು ಸಂಕೋಚಪಡಲಿಲ್ಲ. ಸಂಪತ್ತೆಲ್ಲವನ್ನೂ ಕೃಷ್ಣಾರ್ಪಣ ಮಾಡಿ ಹೊರಟು, ಶ್ರೀವ್ಯಾಸರಾಜರ ಶಿಷ್ಯನಾಗಿ ಪುರಂದರದಾಸರೆಂದು ಲೋಕಮಾನ್ಯನಾದನು. ಹಾಗಾದರೆ ಆ ಆರು ತಿಂಗಳ ವಿಳಂಬವು ಅವನ ಸ್ವರೂಪವಾಗಿರಲಿಲ್ಲ. ಮೇಲೆ ಕವಿದ ಧೂಳಾಗಿತ್ತು. ತಡಮಾಡುವುದೇ ನಮ್ಮ ಸ್ವಭಾವ, ಏನು ಮಾಡೋಣ ಎಂದು ನಿರಾಶರಾಗುವವರಿಗೆ ಇದಕ್ಕಿಂತ ದೊಡ್ಡ ಆಶ್ವಾಸನೆ ಬೇಕಿಲ್ಲ.

ಕಾಲವೆಲ್ಲ ಕಳೆದುಹೋಯಿತು, ಇನ್ನು ತೊಡಗಿ ಫಲವೇನು ಎನ್ನುವವರಿಗೂ ಶ್ರೀಮದ್ಭಾಗವತದಲ್ಲಿ ಉತ್ತರವಿದೆ. ಪರೀಕ್ಷಿದ್ರಾಜನಿಗೆ ಇದ್ದುದು ಏಳು ದಿನ. ಖಟ್ವಾಂಗನಿಗೆ ಇದ್ದುದು ಒಂದೇ ಮುಹೂರ್ತ, ಎಂದರೆ 48 ನಿಮಿಷಗಳಷ್ಟು ಕಾಲ. ಅಷ್ಟರಲ್ಲಿಯೇ ಅವನು ಶ್ರೀಹರಿಯಲ್ಲಿ ಮನಸ್ಸನ್ನು ನಿಲ್ಲಿಸಿದನು. ಅದೇ ಭಾಗವತದಲ್ಲಿ ಪ್ರಹ್ಲಾದರಾಜರು ದೈತ್ಯಬಾಲಕರಿಗೆ ನೂರು ವರ್ಷದ ಆಯುಷ್ಯದ ಲೆಕ್ಕವನ್ನು ಬಿಡಿಸಿ ತೋರಿಸುತ್ತಾರೆ. ಅರ್ಧ ನಿದ್ರೆಗೆ, ಶೈಶವಕ್ಕೂ ಆಟಕ್ಕೂ ಇಪ್ಪತ್ತು, ಮುಪ್ಪಿನ ಅಶಕ್ತಿಗೆ ಇಪ್ಪತ್ತು, ಉಳಿದುದು ಸಂಸಾರದ ಆಸಕ್ತಿಗೆ. ಮಕ್ಕಳಿಗೆ ಬೇಗ ತೊಡಗಿರೆಂದು ಪ್ರಹ್ಲಾದರು, ಮುದುಕರಿಗೆ ಈಗಲಾದರೂ ತೊಡಗಿರೆಂದು ಖಟ್ವಾಂಗನು ಹೇಳಿದಂತಾಯಿತು. ಇವರಿಬ್ಬರ ನಡುವೆ ತಪ್ಪಿಸಿಕೊಳ್ಳುವ ವಯಸ್ಸು ಯಾವುದೂ ಉಳಿಯುವುದಿಲ್ಲ.

ಇನ್ನು ತೊಡಗುವ ಬಗೆ ಹೇಗೆ? ಬಹುಮಂದಿ ತಡಮಾಡುವುದು ಸೋಮಾರಿತನದಿಂದಲ್ಲ. ಕಾರ್ಯದ ದೊಡ್ಡತನಕ್ಕೆ ಅಂಜಿ. ಸುಮಧ್ವವಿಜಯದ 16 ಸರ್ಗಗಳನ್ನು ಒಮ್ಮೆಗೇ ನೋಡಿದವನಿಗೆ ಎದೆ ನಡುಗುತ್ತದೆ. ಮಾಡಿದರೆ ಪೂರ್ಣವಾಗಿ, ಕ್ರಮವಾಗಿ, ಅರ್ಥಸಹಿತವಾಗಿ ಮಾಡಬೇಕೆಂಬ ಆಸೆಯೇ ಒಂದು ಶ್ಲೋಕವನ್ನೂ ಓದಗೊಡುವುದಿಲ್ಲ. ಈ ರೋಗಕ್ಕೆ ಔಷಧವು ನಮ್ಮ ಸಾಧನದ್ವಾದಶಿಯ ಆಚರಣೆಯಲ್ಲಿದೆ.

ಏಕಾದಶಿಯ ಉಪವಾಸದ ಮರುದಿನ ದ್ವಾದಶಿ ತಿಥಿ ಇರುವಷ್ಟರಲ್ಲಿಯೇ ಪಾರಣೆಯಾಗಬೇಕು. ಕೆಲವೊಮ್ಮೆ ಸೂರ್ಯೋದಯದ ಅನಂತರ ದ್ವಾದಶಿ ಬಹಳ ಸ್ವಲ್ಪವೇ ಉಳಿದಿರುತ್ತದೆ. ಅಂದು ನಮ್ಮ ಮಠಗಳಲ್ಲಿ, ಮನೆಗಳಲ್ಲಿ ಏನು ಮಾಡುತ್ತಾರೆ? ಪಾರಣೆಯನ್ನು ಬಿಡುವುದಿಲ್ಲ, ಪೂಜೆಯನ್ನೂ ಬಿಡುವುದಿಲ್ಲ. ಬೆಳಗಿನ ಜಾವಕ್ಕೇ ಎದ್ದು ಎಲ್ಲವನ್ನೂ ಹಿಂದಕ್ಕೆ ಎಳೆದು ಸಂಕ್ಷೇಪವಾಗಿ ಮುಗಿಸುತ್ತಾರೆ. ಪೂರ್ಣ ಪಾರಣೆ ಸಾಧ್ಯವಾಗದಿದ್ದರೆ ತೀರ್ಥವನ್ನಾದರೂ ಸ್ವೀಕರಿಸಿ ವ್ರತವನ್ನು ಉಳಿಸಿಕೊಳ್ಳುತ್ತಾರೆ. ಅಣುಭಾಷ್ಯದ ಅವತಾರವನ್ನೂ ಸಂಪ್ರದಾಯಜ್ಞರು ಇಂತಹುದೇ ಒಂದು ಸಂದರ್ಭದೊಡನೆ ಹೇಳುತ್ತಾರೆ. ಶ್ರೀಅಚ್ಯುತಪ್ರೇಕ್ಷಾಚಾರ್ಯರಿಗೆ ಸೂತ್ರಭಾಷ್ಯದ ಪಾಠವಾಗದೆ ಪಾರಣೆಯಿಲ್ಲ. ದ್ವಾದಶಿಯೋ ಕ್ಷಣಗಳಲ್ಲಿ ಮುಗಿಯಲಿದೆ. ಆಗ ಶ್ರೀಮದಾಚಾರ್ಯರು ನಾಲ್ಕು ಅಧ್ಯಾಯಗಳ ಬ್ರಹ್ಮಸೂತ್ರಗಳ ಸಾರವನ್ನು ಕೆಲವೇ ಶ್ಲೋಕಗಳಲ್ಲಿ ಸಂಗ್ರಹಿಸಿ ಅನುಗ್ರಹಿಸಿದರೆಂದು ಪ್ರತೀತಿ.

ಇದರ ತಾತ್ಪರ್ಯವನ್ನು ಮನಸ್ಸಿಗೆ ತಂದುಕೊಳ್ಳೋಣ. ಕಾಲ ಸಾಲದು ಎಂದಾಗ ಪಾಠವನ್ನು ನಾಳೆಗೆ ಇಡಲಿಲ್ಲ, ಪಾಠವನ್ನು ಅಣುವಾಗಿಸಿದರು. ದಿನವನ್ನು ಬದಲಿಸಲಿಲ್ಲ; ಪ್ರಮಾಣವನ್ನು ಬದಲಿಸಿದರು. ನಾವು ಇದಕ್ಕೆ ವಿರುದ್ಧವಾಗಿ, ಪ್ರಮಾಣವನ್ನು ಪೂರ್ಣವಾಗಿಟ್ಟುಕೊಂಡು ದಿನವನ್ನು ಮುಂದೂಡುತ್ತೇವೆ. ಇದೊಂದನ್ನು ತಿದ್ದಿಕೊಂಡರೆ ಅರ್ಧ ಕೆಲಸ ಆದಂತೆಯೇ.

ಮಹತ್ಕಾರ್ಯಗಳು ಸಣ್ಣ ಆರಂಭದಿಂದಲೇ ಸಿದ್ಧವಾಗುವುದನ್ನು ಉಡುಪಿಯ ಪರ್ಯಾಯದಲ್ಲಿ ಪ್ರತ್ಯಕ್ಷವಾಗಿ ನೋಡುತ್ತೇವೆ. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜಾಧಿಕಾರವನ್ನು ಶ್ರೀವಾದಿರಾಜರು ಎರಡು ವರ್ಷಗಳದಾಗಿ ಮಾಡಿದರು. ಆ ವ್ಯವಸ್ಥೆ 1522ರಿಂದ ನಡೆದುಬಂದಿದೆ. 2024ರ ಜನವರಿ 18ರಂದು ಪುತ್ತಿಗೆ ಮಠದ ಪರ್ಯಾಯ ಆರಂಭವಾದಾಗ ನಾವೆಲ್ಲ ಮೆರವಣಿಗೆಯನ್ನು ನೋಡಿದೆವು, ಸಹಸ್ರಾರು ಜನರ ಭೋಜನವನ್ನು ಕಂಡೆವು. ಆದರೆ ಯಾವ ಪರ್ಯಾಯವೂ ಆ ದಿನ ಆರಂಭವಾಗುವುದಲ್ಲ. ಸುಮಾರು ಒಂದು ವರ್ಷ ಮೊದಲೇ ಬಾಳೆಮುಹೂರ್ತವೆಂದು ಬಾಳೆಯ ಗಿಡಗಳನ್ನು ನೆಡುತ್ತಾರೆ. ಆಮೇಲೆ ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಕೊನೆಗೆ ಭತ್ತಮುಹೂರ್ತ. ಎರಡು ವರ್ಷಗಳ ಅನ್ನದಾನದ ಚಿಂತೆಯನ್ನು ಹೊತ್ತವರು ಮೊದಲು ಮಾಡುವುದು ಒಂದು ಬಾಳೆಯ ಕಂದನ್ನು ಮಣ್ಣಿಗಿಡುವ ಕೆಲಸ. ಎಲೆ ಬೇಕಾದ ದಿನ ಗಿಡ ನೆಟ್ಟರೆ ಎಲೆ ಸಿಕ್ಕುವುದಿಲ್ಲ.

ಒಳ್ಳೆಯ ಮುಹೂರ್ತಕ್ಕಾಗಿ ಕಾಯುತ್ತಿದ್ದೇವೆ ಎನ್ನುವವರೂ ಇಲ್ಲಿಂದ ಕಲಿಯಬಹುದು. ಮುಹೂರ್ತವೆಂಬುದು ತಡಮಾಡಲು ಕೊಟ್ಟ ಅನುಮತಿಯಲ್ಲ, ತೊಡಗಲೇಬೇಕೆಂದು ಹಾಕಿದ ಗೆರೆ. ಮನೆ ಕಟ್ಟಲು, ಮದುವೆಗೆ ಅದನ್ನು ನೋಡಬೇಕು. ಸಂಧ್ಯಾವಂದನೆಗೆ, ತಾಯಿತಂದೆಯರ ಸೇವೆಗೆ, ಹಸಿದವನ ಅನ್ನಕ್ಕೆ ಯಾವ ಜ್ಯೋತಿಷಿಯನ್ನೂ ಕೇಳಬೇಕಾಗಿಲ್ಲ.

ನಮ್ಮ ಊರಿನ ಕೃಷಿಕರಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಅಡಿಕೆ ತೋಟಕ್ಕೆ ಮೊದಲ ಮದ್ದು ಮಳೆಗಾಲ ಹಿಡಿಯುವ ಮುನ್ನವೇ ಬೀಳಬೇಕು. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮತ್ತೆ 40-45 ದಿನಗಳಲ್ಲಿ ಎರಡನೆಯ ಸಲ. ಬಿಸಿಲಿರುವಾಗ ನಾಳೆ ನೋಡೋಣವೆಂದವನಿಗೆ, ಜಡಿಮಳೆ ಹಿಡಿದ ಮೇಲೆ ಬುಡದಲ್ಲಿ ಉದುರಿದ ಕಾಯಿಗಳನ್ನು ಹೆಕ್ಕುವ ಕೆಲಸವೇ ಉಳಿಯುತ್ತದೆ. ತೋಟದ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು, ಕೊಳೆತರೆ ಮರುವರ್ಷ ಮತ್ತೆ ಬಿಡದ ಫಲಗಳ ವಿಷಯದಲ್ಲಿ ಮೈಮರೆಯುತ್ತೇವೆ.

ಅಂತಹ ಫಲಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ತುಳುನಾಡಿನ ಎಷ್ಟೋ ಹಳೆಯ ಮನೆಗಳ ಅಟ್ಟದಲ್ಲಿ ತುಳುಲಿಪಿಯ ತಾಳೆಗರಿಯ ಕಟ್ಟುಗಳಿವೆ. ಅವುಗಳಲ್ಲಿ ಏನಿದೆಯೆಂದು ಮನೆಯವರಿಗೆ ತಿಳಿಯದು. ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಬೇಸಗೆಯಲ್ಲಿ ಬಿಚ್ಚಿ ನೋಡೋಣವೆನ್ನುತ್ತ ಬೇಸಗೆಗಳು ಕಳೆಯುತ್ತವೆ; ಗೆದ್ದಲು ಬೇಸಗೆಗಾಗಿ ಕಾಯುವುದಿಲ್ಲ. ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀಹೃಷೀಕೇಶತೀರ್ಥರು ಗುರುಗಳ ಗ್ರಂಥಗಳನ್ನು ಅಂದೇ ತಾಳೆಗರಿಯಲ್ಲಿ ಬರೆದಿಟ್ಟರು. ಅದು ಪಲಿಮಾರು ಮಠದಲ್ಲಿ ಉಳಿದುಬಂತು. ಶತಮಾನಗಳ ಮೇಲೆ ವಿದ್ವಾಂಸರಾದ ಬನ್ನಂಜೆ ಗೋವಿಂದಾಚಾರ್ಯರು ಸರ್ವಮೂಲಗ್ರಂಥಗಳನ್ನು ಶೋಧಿಸಿ ಸಂಪಾದಿಸಿದಾಗ ಆ ಪ್ರತಿಯೇ ಆಧಾರವಾಯಿತು. ನೆರೆಯ ಮೂಡುಬಿದಿರೆಯ ಜೈನಬಸದಿಯಲ್ಲಿದ್ದ ಧವಲಾ ಗ್ರಂಥದ ತಾಳೆಗರಿಗಳ ಕಥೆಯೂ ಇಂತಹುದೇ. 19ನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ಮಾಡುವ ಕೆಲಸಕ್ಕೆ ಕೈಹಚ್ಚಿದರು. ದಶಕಗಳ ಶ್ರಮದ ಅನಂತರ 1939ರಲ್ಲಿ ಅದರ ಮೊದಲ ಸಂಪುಟ ಅಚ್ಚಾಯಿತು. ತೊಡಗಿದವರಲ್ಲಿ ಕೆಲವರು ಮುಕ್ತಾಯವನ್ನು ಕಾಣಲಿಲ್ಲ. ತೊಡಗದಿದ್ದರೆ ಯಾರೂ ಕಾಣುತ್ತಿರಲಿಲ್ಲ. ನಮ್ಮ ಮನೆಯ ಕಟ್ಟನ್ನು ಇಳಿಸಿ, ಮೃದುವಾದ ಬಟ್ಟೆಯಿಂದ ಧೂಳನ್ನೊರೆಸಿ, ಗರಿಗರಿಗೂ ಒಂದು ಭಾವಚಿತ್ರವನ್ನು ತೆಗೆದಿಡುವುದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಓದಬಲ್ಲ ಅಜ್ಜಂದಿರು ಇನ್ನೂ ನಮ್ಮ ನಡುವೆ ಇರುವಾಗಲೇ ಅದು ಆಗಬೇಕು.

ಕೊನೆಯದಾಗಿ, ಈ ಚಾತುರ್ಮಾಸ್ಯದಲ್ಲಿ ಪ್ರತಿಯೊಂದು ಮನೆಯವರೂ ಆಚರಿಸಬಹುದಾದ ಕ್ರಮವೊಂದನ್ನು ಸೂಚಿಸುತ್ತೇವೆ. ಬಹುದಿನಗಳಿಂದ ನಾಳೆಯೆನ್ನುತ್ತಿರುವ ಒಂದೇ ಒಂದು ಕಾರ್ಯವನ್ನು ಆರಿಸಿಕೊಳ್ಳಿ. ಹತ್ತನ್ನು ಹಿಡಿದವನು ಒಂದನ್ನೂ ಬಿಡದೆ ಕೈಚೆಲ್ಲುತ್ತಾನೆ. ಅದನ್ನು ಅಣುವಾಗಿಸಿ: ದಿನಕ್ಕೆ ಒಂದು ಸರ್ಗವಲ್ಲ, ಒಂದು ಶ್ಲೋಕ. ಅದನ್ನು ಈಗಾಗಲೇ ತಪ್ಪದೆ ನಡೆಯುತ್ತಿರುವ ಒಂದು ಕಾರ್ಯಕ್ಕೆ ಜೋಡಿಸಿ: ಬೆಳಗಿನ ತುಳಸೀಪೂಜೆಯ ಒಡನೆ, ಅಥವಾ ಸಂಜೆ ದೇವರಿಗೆ ದೀಪವಿಟ್ಟ ಕೂಡಲೇ. ಪುಸ್ತಕವನ್ನು ಹಿಂದಿನ ರಾತ್ರಿಯೇ ವ್ಯಾಸಪೀಠದ ಮೇಲೆ ತೆರೆದಿಡಿ. ಹುಡುಕುವ ಹೊತ್ತಿನಲ್ಲಿ ಮನಸ್ಸು ನೆಪವನ್ನು ಹುಡುಕಿಕೊಳ್ಳುತ್ತದೆ. ಪ್ರಯಾಣದಿಂದಲೋ ಜ್ವರದಿಂದಲೋ ಒಂದು ದಿನ ತಪ್ಪಿದರೆ, ತಪ್ಪಿತೆಂದು ಶೋಕಿಸುತ್ತ ಇನ್ನೊಂದು ದಿನವನ್ನು ಕಳೆಯಬೇಡಿ; ವಿಷಾದವೂ ತಾಮಸಲಕ್ಷಣವೆಂಬುದನ್ನು ನೆನೆದು ಮರುದಿನ ಅಷ್ಟನ್ನೇ ಮಾಡಿ. ಮಾಡಿದಷ್ಟನ್ನು ಅಂದಂದೇ ಕೃಷ್ಣಾರ್ಪಣ ಮಾಡಿ. ಉಳಿದುದರ ಭಾರವು ನಿಮ್ಮ ತಲೆಯ ಮೇಲಿರುವುದಿಲ್ಲ. ಮಕ್ಕಳನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿ. ತಂದೆಯು ನಾಳೆಯೆನ್ನುವ ಮನೆಯಲ್ಲಿ ಮಗನು ಇಂದು ಎನ್ನುವುದನ್ನು ಕಲಿಯಲಾರನು.

ಮಾತು ಬಿಟ್ಟಿರುವ ಅಣ್ಣನೋ ತಮ್ಮನೋ ಇದ್ದರೆ ಶಯನೀ ಏಕಾದಶಿಯವರೆಗೂ ಕಾಯಬೇಕಾಗಿಲ್ಲ. ದೂರವಾಣಿಯಲ್ಲಿ ಕ್ಷೇಮವೇ ಎಂದು ಕೇಳಲು ಎಷ್ಟು ಹೊತ್ತು ಬೇಕು? ಹಳೆಯ ದೋಷವನ್ನು ಎತ್ತದೆ ಆ ಒಂದು ಪ್ರಶ್ನೆಯನ್ನು ಕೇಳಿದರೆ ದೀರ್ಘಸೂತ್ರಿಯ ಎರಡು ಅರ್ಥಗಳನ್ನೂ ಒಟ್ಟಿಗೆ ಗೆದ್ದಂತಾಯಿತು.

ಶ್ರೀಹರಿಯು ನಾಲ್ಕು ತಿಂಗಳ ಬಳಿಕ ಉತ್ಥಾನದ್ವಾದಶಿಯಂದು ಏಳುವನೆಂದು ಅವನನ್ನು ಎಬ್ಬಿಸಲು ತುಳಸಿಯ ಮುಂದೆ ದೀಪಗಳನ್ನು ಹಚ್ಚುತ್ತೇವೆ. ಅವನದು ಲೀಲೆಯ ನಿದ್ರೆ. ನಿಜವಾಗಿ ಎಚ್ಚರಗೊಳ್ಳಬೇಕಾದವರು ನಾವು. ಅಂದು ದೀಪ ಹಚ್ಚುವಾಗ ಅವನಿಗೆ ಅರ್ಪಿಸಲು ನಾಲ್ಕು ತಿಂಗಳ ಒಂದು ಸಣ್ಣ ಸಾಧನೆ ನಮ್ಮ ಕೈಯಲ್ಲಿರಲಿ. ಶ್ರೀಹರಿವಾಯುಗುರುಗಳು ತೋಡಾರಿನ ಹಾಗೂ ಸುತ್ತಲಿನ ಎಲ್ಲ ಭಕ್ತಕುಟುಂಬಗಳಿಗೆ ಆರಂಭಿಸುವ ಬುದ್ಧಿಯನ್ನೂ, ಆರಂಭಿಸಿದುದನ್ನು ನಡೆಸುವ ಶಕ್ತಿಯನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು